ಬ್ಲ್ಯಾಕ್‌ಔಟ್ ದಿನಗಳ ಶಾಲೆಯ ದಾರಿ

2025ರ ಮೇ 7, ಬುಧವಾರ. ಮಧ್ಯಾಹ್ನ ನಾಲ್ಕು ಗಂಟೆಗೆ ನಮ್ಮ ಹೈದರಾಬಾದಿನಲ್ಲಿ ಸೈರನ್ ಕೂಗಿತು. ಪಾಕಿಸ್ತಾನದೊಂದಿಗೆ ಯುದ್ಧವಾದೀತೆಂಬ ಆತಂಕದ ನಡುವೆ ದೇಶದಾದ್ಯಂತ ನಡೆದ ಅಣಕು ಕವಾಯತು ಅದು. ಇಲ್ಲಿ ಅದಕ್ಕೆ 'ಆಪರೇಷನ್ ಅಭ್ಯಾಸ್' ಎಂದು ಹೆಸರಿಟ್ಟಿದ್ದರು. ಸಿಕಂದರಾಬಾದ್, ಗೋಲ್ಕೊಂಡ, ಕಂಚನ್‌ಬಾಗ್ ಮತ್ತು ಮೌಲಾಲಿ, ಹೀಗೆ ನಾಲ್ಕು ಕಡೆ ನಡೆಯಿತು. ನಾವಿರುವ ನಾಚಾರಂಗೆ ಮೌಲಾಲಿ ಹತ್ತಿರ. ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ಬಾಲ್ಕನಿಗೆ ಓಡಿದಳು. ನಾನು ಮಾತ್ರ ನನಗೇ ಗೊತ್ತಿಲ್ಲದೆ ಎದ್ದು ಹೋಗಿ ಅಡುಗೆಮನೆಯ ದೀಪ ಆರಿಸಿ ಬಂದಿದ್ದೆ, ಹಾಡಹಗಲಲ್ಲಿ!

"ಅಜ್ಜಾ, ನೀವು ಚಿಕ್ಕವರಿದ್ದಾಗಲೂ ಯುದ್ಧ ಆಗಿತ್ತಂತೆ. ಆಗ ಶಾಲೆಗೆ ರಜೆ ಕೊಡ್ತಿದ್ರಾ?" ಎಂದು ಕೇಳಿದಳು.

ರಜೆ ಕೊಟ್ಟಿರಲಿಲ್ಲ. ನಾವು ಶಾಲೆಗೆ ಹೋಗಿದ್ದೆವು. ಹೇಗೆ ಹೋದೆವು ಎಂಬುದನ್ನು ಅವಳಿಗೆ ಹೇಳುತ್ತಾ ಕುಳಿತಾಗ, ಐವತ್ತು ವರ್ಷಗಳಿಗೂ ಮೇಲೆ ಯಾರಿಗೂ ಹೇಳದಿದ್ದ ಒಂದು ಮಾತೂ ಜತೆಗೇ ಬಂತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1971. ನನಗೆ ಹತ್ತು ವರ್ಷ, ಐದನೆಯ ತರಗತಿ. ನಮ್ಮದು ಬೀದರ ಜಿಲ್ಲೆಯ ಮೂಲ. ಅಪ್ಪ ನಿಜಾಮರ ಕಾಲದಲ್ಲಿ ಓದಿದವರು, ಹಾಗಾಗಿ ಅವರ ಓದೆಲ್ಲ ಉರ್ದುವಿನಲ್ಲೇ. ಓದು ಮುಗಿಸಿ ಹೈದರಾಬಾದಿನಲ್ಲಿ ಸರಕಾರಿ ಗುಮಾಸ್ತರಾದರು. 1956ರ ನವೆಂಬರ್ 1ರಂದು ರಾಜ್ಯ ಒಡೆದು ಬೀದರ, ಗುಲಬರ್ಗಾ, ರಾಯಚೂರು ಮೈಸೂರಿಗೆ ಸೇರಿದಾಗ ಎಷ್ಟೋ ಕನ್ನಡದವರು ಆ ಕಡೆ ಹೋದರು. ಅಪ್ಪ ಇಲ್ಲೇ ಉಳಿದರು. ಹೀಗಾಗಿ ನಾವು ಮನೆಯಲ್ಲಿ ಕನ್ನಡ, ಓಣಿಯಲ್ಲಿ ದಖನಿ, ಅಂಗಡಿಯಲ್ಲಿ ತೆಲುಗು ಮಾತಾಡುವ ಮಕ್ಕಳಾಗಿ ಬೆಳೆದೆವು. ಈ ಊರಿನ ಹಳೆಯ ಕನ್ನಡದವರಿಗೆಲ್ಲ ಇದು ಗೊತ್ತಿರುವ ಕಥೆಯೇ.

ಮನೆ ಮಲಕ್‌ಪೇಟದಲ್ಲಿ, ಕನ್ನಡ ಶಾಲೆ ಕಾಚಿಗುಡದಲ್ಲಿ. ನಡುವೆ ಮೂಸಿ ನದಿ. ದಾರಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮಲಕ್‌ಪೇಟದ ರೈಲು ಸೇತುವೆಯ ಕೆಳಗೆ ನುಗ್ಗಬೇಕು, ಚಾದರ್‌ಘಾಟ್ ಸೇತುವೆ ಏರಿ ಮೂಸಿ ದಾಟಬೇಕು, ನಿಂಬೋಳಿ ಅಡ್ಡಾ ಹಾದು ಕಾಚಿಗುಡ ಸೇರಬೇಕು. ತಲೆಯ ಮೇಲಿನ ಹಳಿಯಲ್ಲಿ ಕಾಚಿಗುಡಕ್ಕೆ ಹೋಗುವ ಮೀಟರ್‌ಗೇಜ್ ರೈಲು ಹಾಯುವಾಗ ನಾವು ಸೇತುವೆಯ ಕೆಳಗಿದ್ದರೆ ಆ ದಿನ ಒಳ್ಳೆಯದಾಗುತ್ತದೆ ಎಂಬುದು ನಮ್ಮ ನಂಬಿಕೆ.

ನಾವೆಂದರೆ ಆರು ಮಕ್ಕಳು, ಒಂದು ಸೈಕಲ್ ರಿಕ್ಷಾ. ಸೀಟಿನಲ್ಲಿ ಮೂವರು, ಎದುರಿಗೆ ಅಡ್ಡ ಹಾಕಿದ ಹಲಗೆಯ ಮೇಲೆ ಮೂವರು, ಹಿಂದೆ ಕೊಕ್ಕೆಗೆ ನೇತುಹಾಕಿದ ಚೀಲಗಳು ಮತ್ತು ಡಬ್ಬಿಗಳು. ತುಳಿಯುವವರನ್ನು ನಾವು ಚಾಚಾ ಎನ್ನುತ್ತಿದ್ದೆವು. ಸಣಕಲು ಮನುಷ್ಯ, ನಲವತ್ತರ ಆಸುಪಾಸು. ಸೇತುವೆಯ ಏರು ಬಂದರೆ ದೊಡ್ಡ ಹುಡುಗರು ಇಳಿದು ಹಿಂದಿನಿಂದ ತಳ್ಳಬೇಕು, ಅದು ಕರಾರು. ತಳ್ಳದೆ ಕಳ್ಳಾಟ ಆಡಿದರೆ "ಕಾಯ್ಕು ಬೇಟಾ, ಖಾನಾ ನಹೀ ಖಾಯಾ?" ಎಂದು ಕೇಳುತ್ತಿದ್ದರೇ ಹೊರತು ಒಂದು ದಿನವೂ ಗದರಿದ್ದಿಲ್ಲ.

ಚಾಚಾನ ಅಣ್ಣ ಕರಾಚಿಯಲ್ಲಿದ್ದ. 1948ರ ನಂತರ ಹೈದರಾಬಾದಿನಿಂದ ಆ ಕಡೆ ಹೋದ ಬಹಳಷ್ಟು ಜನರಲ್ಲಿ ಅವನೂ ಒಬ್ಬ. ಎರಡು ಮೂರು ತಿಂಗಳಿಗೊಮ್ಮೆ ಅಲ್ಲಿಂದ ಕಾಗದ ಬರುತ್ತಿತ್ತು. ಚಾಚಾಗೆ ಓದಲು ಬರುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂರುತ್ತಿದ್ದರು, ಅಪ್ಪ ಓದಿ ಹೇಳುತ್ತಿದ್ದರು. ಉತ್ತರವನ್ನೂ ಅಪ್ಪನೇ ಬರೆಯುತ್ತಿದ್ದರು. ಒಬ್ಬ ಲಿಂಗಾಯತ ಗುಮಾಸ್ತ ಉರ್ದುವಿನಲ್ಲಿ ಬರೆದ ಕಾಗದ ಮಲಕ್‌ಪೇಟದಿಂದ ಕರಾಚಿಗೆ ಹೋಗುವುದು ಆ ಕಾಲದಲ್ಲಿ ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಚಾಚಾನ ಗುಡಿಸಲು ಸೋರುತ್ತಿತ್ತು, ಅದಕ್ಕೇ ಓದಿದ ಕಾಗದಗಳನ್ನು ನಮ್ಮ ಮನೆಯ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದರು.

ಯುದ್ಧದ ವಾಸನೆ ಮೊದಲೇ ಬಂದಿತ್ತು. ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಬಂದಿದ್ದಾರೆಂದು ರೇಡಿಯೋ ಹೇಳುತ್ತಿತ್ತು. ನವೆಂಬರ್ 15ರಿಂದ ಪ್ರತಿ ಕಾಗದಕ್ಕೂ ನಿರಾಶ್ರಿತರ ನೆರವಿಗೆಂದು ಐದು ಪೈಸೆಯ ಹೆಚ್ಚುವರಿ ಅಂಚೆಚೀಟಿ ಅಂಟಿಸಬೇಕಾಯಿತು. ಬೀದರದ ಅತ್ತೆಗೆ ಹೋಗುವ ಕಾಗದಕ್ಕೆ ಅದನ್ನು ಅಂಟಿಸುವ ಕೆಲಸ ನನ್ನದು. ಯುದ್ಧಕ್ಕೆ ನಾನು ಮಾಡಿದ ಮೊದಲ ಸೇವೆ ಎಂದು ಹೆಮ್ಮೆಪಡುತ್ತಿದ್ದೆ.

ಡಿಸೆಂಬರ್ 3, ಶುಕ್ರವಾರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಬಾಂಬು ಹಾಕಿದವು. ಮಧ್ಯರಾತ್ರಿ ಕಳೆದ ಮೇಲೆ ಇಂದಿರಾ ಗಾಂಧಿ ರೇಡಿಯೋದಲ್ಲಿ ಮಾತಾಡಿದರು. ಶನಿವಾರ ಬೆಳಿಗ್ಗೆ ರಿಕ್ಷಾ ಬರುವುದೋ ಇಲ್ಲವೋ ಎಂದು ನಾನೂ ತಂಗಿಯೂ ಬಾಗಿಲಲ್ಲಿ ನಿಂತಿದ್ದೆವು. ದಿನದ ಹೊತ್ತಿಗೆ ಸರಿಯಾಗಿ ಗಂಟೆಯ ಸದ್ದು ಕೇಳಿತು. ಶಾಲೆ ಇತ್ತು.

ಅಲ್ಲಿಂದ ದಾರಿಯೇ ಬದಲಾಯಿತು. ಬಸ್ಸು, ಲಾರಿ, ಕಾರುಗಳ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿದರು. ಡಬಲ್ ಡೆಕರ್ ಬಸ್ಸು ಎದುರಿಗೆ ಬಂದರೆ ನಿದ್ದೆಗಣ್ಣಿನ ಆನೆ ಬಂದಂತೆ ಕಾಣುತ್ತಿತ್ತು. ಮನೆಗಳ ಕಿಟಕಿ ಗಾಜಿಗೆಲ್ಲ ಕಂದು ಕಾಗದ. ನಮ್ಮ ಬಚ್ಚಲಿನ ಗವಾಕ್ಷಿಗೆ ಅಪ್ಪ ಹಳೆಯ ಕಾರ್ಬನ್ ಕಾಗದ ಅಂಟಿಸಿದ್ದರು. ಸ್ನಾನದ ಹಬೆಗೆ ಅದರ ಬಣ್ಣ ಕರಗಿ ಗೋಡೆಯೆಲ್ಲ ನೀಲಿಯಾಗಿ ಅಮ್ಮನಿಂದ ಬೈಸಿಕೊಂಡರು. ಕತ್ತಲಾದರೆ ಓಣಿಯಲ್ಲಿ ಸ್ವಯಂಸೇವಕರು ಸೀಟಿ ಊದುತ್ತಾ "ಲೈಟ್ ಬಂದ್ ಕರೋ" ಎಂದು ಕೂಗುತ್ತಾ ಹೋಗುತ್ತಿದ್ದರು.

ಶಾಲೆಯ ಅಂಗಳದಲ್ಲಿ ಕಂದಕ ತೋಡಿದರು. ಸೈರನ್ ಆದರೆ ಅದರಲ್ಲಿ ಇಳಿದು ಬೋರಲು ಮಲಗಬೇಕು, ಕಿವಿಗೆ ಬೆರಳು, ಹಲ್ಲುಗಳ ನಡುವೆ ರಬ್ಬರೋ ಕರವಸ್ತ್ರವೋ. ಬಾಂಬಿನ ಸದ್ದಿಗೆ ನಾಲಿಗೆ ಕಚ್ಚಿಕೊಳ್ಳಬಾರದೆಂದು. ಅಭ್ಯಾಸದ ದಿನ ಯಾರ ರಬ್ಬರಿಗೆ ಯಾವ ರುಚಿ ಎಂಬುದೇ ನಮ್ಮ ಚರ್ಚೆ. ವಿರಾಮದಲ್ಲಿ ಆ ಕಂದಕ ಕಬಡ್ಡಿಯ ಗಡಿಯಾಗುತ್ತಿತ್ತು. ತಾಜಮಹಲಿಗೆ ಹಸಿರು ಬಟ್ಟೆ ಹೊದಿಸಿದ್ದಾರೆಂಬ ಸುದ್ದಿ ಬಂತು, ಅದು ನಿಜವೂ ಆಗಿತ್ತು. ಹಾಗಾದರೆ ಚಾರ್‌ಮಿನಾರಿಗೆ ಎಷ್ಟು ಗಜ ಬಟ್ಟೆ ಬೇಕು ಎಂದು ರಿಕ್ಷಾದಲ್ಲಿ ಲೆಕ್ಕ ಹಾಕಿದೆವು. "ಚಾರ್ ಬುರ್ಖೇ ಬಸ್ ಹೈ" ಎಂದು ಚಾಚಾ ನಗಿಸಿದರು.

ಸೋಮವಾರ ಬೆಳಿಗ್ಗೆ ಬೇರೆ ಸುದ್ದಿ. ನಮ್ಮ ನೌಕಾಪಡೆ ಕರಾಚಿಯ ಮೇಲೆ ದಾಳಿ ಮಾಡಿದೆ, ಬಂದರು ಹೊತ್ತಿ ಉರಿಯುತ್ತಿದೆ! ರಿಕ್ಷಾದಲ್ಲಿ ಹಬ್ಬವೋ ಹಬ್ಬ. ಒಬ್ಬ ಪ್ರಾಸ ಕಟ್ಟಿದ, ಉಳಿದವರು ಡಬ್ಬಿ ಬಡಿಯುತ್ತಾ ಕರಾಚಿ ಸುಟ್ಟಿತೆಂದು ಹಾಡಿದೆವು. ಚಾದರ್‌ಘಾಟ್ ಸೇತುವೆಯ ಏರಿನಲ್ಲಿ ಯಾರೂ ಇಳಿಯಲಿಲ್ಲ. ಚಾಚಾ ಇಳಿಯಿರಿ ಎಂದೂ ಹೇಳಲಿಲ್ಲ. ತಾವೇ ಕೆಳಗಿಳಿದು ಹ್ಯಾಂಡಲ್ ಹಿಡಿದು ಆರು ಜನರನ್ನೂ ಎಳೆದುಕೊಂಡು ಏರಿದರು. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅಣ್ಣ ಕರಾಚಿಯಲ್ಲಿರುವುದು ಆ ರಿಕ್ಷಾದಲ್ಲಿ ನನಗೂ ತಂಗಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಆದರೂ ನಾನು ಹಾಡಿದೆ.

ಮಾರನೆಯ ದಿನ ಮಂಗಳವಾರ. ಶಾಲೆಯಲ್ಲಿ ಏನೋ ತಾಲೀಮು, ಹೊರಡುವುದು ತಡವಾಯಿತು. ಡಿಸೆಂಬರಿನ ಕತ್ತಲೆ ಬೇಗ ಬೀಳುತ್ತದೆ. ಬೇರೆ ದಿನಗಳಲ್ಲಿ ಹೊತ್ತು ಮುಳುಗಿದರೆ ರಿಕ್ಷಾದ ಕೆಳಗೆ ಸೀಮೆಎಣ್ಣೆಯ ಸಣ್ಣ ದೀಪ ಹಚ್ಚಬೇಕು, ಇಲ್ಲದಿದ್ದರೆ ದಂಡ. ಈಗ ಹಚ್ಚಿದರೆ ತಪ್ಪು. ಬೀದಿದೀಪವಿಲ್ಲದ ದಾರಿಯಲ್ಲಿ ಗಂಟೆ ಬಾರಿಸುತ್ತಾ ಚಾಚಾ ನಿಧಾನವಾಗಿ ತುಳಿದರು. ಮಲಕ್‌ಪೇಟದ ರೈಲು ಸೇತುವೆಯ ಹತ್ತಿರ ಬಂದಾಗ ಮೇಲೆ ವಿಮಾನದ ಸದ್ದು ಕೇಳಿತು. ಹಕೀಂಪೇಟೆಯ ಕಡೆಯಿಂದ ಬಂದ ನಮ್ಮದೇ ವಿಮಾನವಿರಬೇಕು. ಚಾಚಾ ರಿಕ್ಷಾವನ್ನು ಸೇತುವೆಯ ಕೆಳಗೆ ನುಗ್ಗಿಸಿ ನಿಲ್ಲಿಸಿದರು. ಸದ್ದು ದೂರವಾದ ಮೇಲೆ ಬೆವರು ಒರೆಸಿಕೊಂಡು, ಅಂಗೈ ಮರೆಮಾಡಿ ಕಡ್ಡಿ ಗೀರಿ ಬೀಡಿ ಹಚ್ಚಿದರು.

ಆ ಮಿಣುಕು ಬೆಳಕಿನಲ್ಲಿ ಐವರ ಮುಖವೂ ನನಗೆ ಕಂಡಿತು. ಎಲ್ಲರೂ ಹೆದರಿದ್ದರು. ಏನಾದರೂ ಹೇಳಿ ಅವರನ್ನು ನಗಿಸಬೇಕು, ನನ್ನ ಕಡೆ ನೋಡುವಂತೆ ಮಾಡಬೇಕು ಅನ್ನಿಸಿತು. ಕನ್ನಡದಲ್ಲಿ ಮೆಲ್ಲಗೆ ಹೇಳಿದೆ: "ಚಾಚಾ ಅವರ ಅಣ್ಣಗ ಸಿಗ್ನಲ್ ಕೊಡಾಕತ್ಯಾರ. ಅವರಣ್ಣ ಕರಾಚ್ಯಾಗ ಇದ್ದಾನ."

ಯಾರೂ ನಗಲಿಲ್ಲ.

ಬುಧವಾರ ಬೆಳಿಗ್ಗೆ ರಿಕ್ಷಾದಲ್ಲಿ ನಾವು ಇಬ್ಬರೇ. ಉಳಿದ ನಾಲ್ವರ ಮನೆಯ ಮುಂದೆ ಚಾಚಾ ಗಂಟೆ ಬಾರಿಸಿದರು. ಒಂದು ಮನೆಯವರು ಮಗುವಿಗೆ ಜ್ವರ ಎಂದರು, ಇನ್ನೊಬ್ಬರು ಬಾಗಿಲೇ ತೆರೆಯಲಿಲ್ಲ. ಹಲಗೆ ಖಾಲಿಯಿದ್ದ ರಿಕ್ಷಾ ಹಗುರವಾಗಿ ಓಡಿತು. ಚಾಚಾ ಒಮ್ಮೆ ತಿರುಗಿ "ಸಬ್ ಕೋ ಏಕೀಚ್ ದಿನ್ ಬುಖಾರ್?" ಎಂದು ಕೇಳಿದರು. ನಾನು ಮೂಸಿಯ ಕಡೆ ನೋಡಿದೆ.

ಗುರುವಾರ ರಿಕ್ಷಾ ಬರಲಿಲ್ಲ. ಅಪ್ಪ ವಿಚಾರಿಸಿಕೊಂಡು ಬಂದರು. ಯಾರೋ ದೂರು ಕೊಟ್ಟಿದ್ದಾರೆ, ರಾತ್ರಿ ಪೊಲೀಸರು ಕರೆದುಕೊಂಡು ಹೋಗಿದ್ದಾರೆ. ಬ್ಲ್ಯಾಕ್‌ಔಟಿನಲ್ಲಿ ಬೆಳಕು ತೋರಿಸಿದನಂತೆ, ಪಾಕಿಸ್ತಾನದಿಂದ ಕಾಗದ ಬರುತ್ತದಂತೆ.

ಆ ರಾತ್ರಿ ದೀಪ ಆರಿಸಿದ ಮನೆಯಲ್ಲಿ ನಡೆದ ಮಾತುಗಳನ್ನು ನಾನು ಹೊದಿಕೆಯೊಳಗಿಂದ ಕೇಳಿದೆ. ಬಿಸ್ಕತ್ತಿನ ಡಬ್ಬಿ ಅಮ್ಮನ ಕೈಯಲ್ಲಿತ್ತು. "ಇವು ಸುಟ್ಟು ಬಿಡ್ರಿ. ಬರದದ್ದು ನೀವು, ಇಟ್ಟದ್ದು ನಮ್ಮ ಮನ್ಯಾಗ. ನೌಕರಿ ಹೋದ್ರ ಈ ಪಟ್ಟಣದಾಗ ಮಕ್ಕಳ್ನ ಕಟಗೊಂಡು ಏನ್ ಮಾಡಾದು?" ಅಮ್ಮನ ಭಯ ಸುಳ್ಳಲ್ಲ. ಡಿಸೆಂಬರ್ 4ರಂದೇ ಭಾರತ ರಕ್ಷಣಾ ಕಾಯ್ದೆ ಬಂದಿತ್ತು. ಸರಕಾರಿ ನೌಕರನ ಮನೆಯಲ್ಲಿ ಶತ್ರುದೇಶದ ಕಾಗದಗಳು!

ಅಪ್ಪ ಮಾತಾಡಲಿಲ್ಲ. ಮಾತಾಡಿದ್ದು ಅಜ್ಜಿ.

ಅಜ್ಜಿಯ ಬಗ್ಗೆ ಇಲ್ಲಿ ಹೇಳಬೇಕು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡದ ಸುದ್ದಿ ಕೇಳಿ, ಹುಟ್ಟಿದೂರು ಬಿಟ್ಟು ಸೊಲ್ಲಾಪುರದ ಕಡೆಗೆ ಓಡಿದವರು ಅವರು. ಅಪ್ಪನ ಒಂದು ವರ್ಷದ ಓದು ಅದರಲ್ಲೇ ಹೋಯಿತು. ರಜಾಕಾರರ ಹೆಸರೆತ್ತಿದರೆ ಆಕೆ ಊಟದ ತಟ್ಟೆ ಪಕ್ಕಕ್ಕಿಡುತ್ತಿದ್ದರು. ಹಾಗಾಗಿ ಅಜ್ಜಿ ಅಮ್ಮನ ಪಕ್ಷವೇ ಎಂದು ನಾನು ತಿಳಿದಿದ್ದೆ.

ಅಜ್ಜಿ ಹೇಳಿದ್ದು ಬೇರೆ. "ಪೋಲೀಸ್ ಆಕ್ಷನ್ ಆದಮ್ಯಾಲ ನಾವು ಊರಿಗಿ ಬಂದ್ವಿ. ನಮ್ಮ ಮನಿ ಹಂಗೇ ಇತ್ತು. ಬಳಿಗಾರ್ತಿ ಮನಿ ಮ್ಯಾಲ ಚಾವಣಿ ಇರಲಿಲ್ಲ. ಆಕಿನೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ನನ್ನ ಮದಿವ್ಯಾಗ ಬಳಿ ಇಟ್ಟಾಕಿ ಆಕಿ. ಅವರು ಏನು ಮಾಡಿದ್ರು ಅಂತ ಊರಾಗ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು ಅಪ್ಪನಿಗೆ ಹೇಳಿದರು: "ಆ ಕಾಗದದಾಗ ಏನದ ಅನ್ನೋದು ಈ ಓಣ್ಯಾಗ ನಿನಗೊಬ್ಬನಿಗೇ ಗೊತ್ತು. ಹೋಗಿ ಓದಿ ಹೇಳು."

ಸೆಪ್ಟೆಂಬರ್ 1948ರ ಆ ಐದು ದಿನಗಳ ಕಾರ್ಯಾಚರಣೆಯ ನಂತರ ಆದದ್ದನ್ನು ನಮ್ಮ ಕಡೆಯವರು ಹೆಚ್ಚು ಮಾತಾಡುವುದಿಲ್ಲ. ಪಂಡಿತ ಸುಂದರಲಾಲರ ಸಮಿತಿ ಊರೂರು ತಿರುಗಿ ಸರಕಾರಕ್ಕೆ ವರದಿ ಕೊಟ್ಟಿತ್ತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡದ ಜತೆಗೆ ಗುಲಬರ್ಗಾ, ಬೀದರಗಳ ಹೆಸರೂ ಅದರಲ್ಲಿದೆ. ಆ ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ನಾನು ಅದನ್ನು ಓದಿದ್ದು ಮುದುಕನಾಗುವ ಹೊತ್ತಿಗೆ. ಅಜ್ಜಿಯ ಬಳೆಗಾರ್ತಿಯನ್ನು ಮಾತ್ರ ಆ ರಾತ್ರಿಯಿಂದಲೇ ಬಲ್ಲೆ.

ಶುಕ್ರವಾರ ಅಪ್ಪ ರಜೆ ಹಾಕಿದರು. ಡಬ್ಬಿಯನ್ನು ಕೈಚೀಲದಲ್ಲಿಟ್ಟುಕೊಂಡು ಠಾಣೆಗೆ ಹೋದರು. ಅಲ್ಲಿ ನಡೆದದ್ದನ್ನು ಎಷ್ಟೋ ವರ್ಷಗಳ ನಂತರ ಅವರೇ ನನಗೆ ಹೇಳಿದರು. ಅಧಿಕಾರಿಯ ಎದುರು ನಿಂತು ಹನ್ನೊಂದು ಕಾಗದಗಳನ್ನು ಒಂದೊಂದಾಗಿ ಓದಿದರಂತೆ. ಮಗಳ ನಿಕಾಹ್, ಗೋಧಿಯ ಬೆಲೆ, ಕೆಲಸ ಸಿಗದ ಮಗ, ಕಣ್ಣಿನ ಪೊರೆ. ಪ್ರತಿ ಬೇಸಿಗೆಯ ಕಾಗದದಲ್ಲೂ ಹೈದರಾಬಾದಿನ ಮಾವಿನ ಹಣ್ಣಿನ ನೆನಪು. ಐದಾರು ಕಾಗದ ಆಗುವ ಹೊತ್ತಿಗೆ ಅಧಿಕಾರಿ ಸಾಕು ಎಂದರಂತೆ. ಅಪ್ಪ ನಿಲ್ಲಿಸಲಿಲ್ಲ. "ಸುಮ್ಮನಾದರೆ ಓದದೆ ಉಳಿದದ್ದರಲ್ಲಿ ಏನೋ ಇತ್ತು ಅಂತ ಆಗ್ತಿತ್ತು" ಎಂದರು. ಅಪ್ಪನ ಹೆಸರು, ಕಚೇರಿ, ವಿಳಾಸ ಬರೆದುಕೊಂಡು ಸಂಜೆ ಚಾಚಾನನ್ನು ಬಿಟ್ಟರು. ಅದಾದ ಮೇಲೆ ಒಂದೆರಡು ವರ್ಷ ಮನೆಗೆ ಸರಕಾರಿ ಲಕೋಟೆ ಬಂದಾಗಲೆಲ್ಲ ಅಮ್ಮನ ಮುಖ ಬಿಳಿಚಿಕೊಳ್ಳುತ್ತಿತ್ತು. ಏನೂ ಆಗಲಿಲ್ಲ. ಆದರೆ ಏನೂ ಆಗುವುದಿಲ್ಲ ಎಂದು ಅಪ್ಪನಿಗೆ ಅವತ್ತು ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಮನೆಯ ಮುಂದೆ ಗಂಟೆಯ ಸದ್ದು. ಚಾಚಾನ ಎಡಗೆನ್ನೆ ಊದಿಕೊಂಡಿತ್ತು. ತಂಗಿ ಕೇಳಿದ್ದಕ್ಕೆ "ದಾಂತ್ ಕಾ ದರ್ದ್" ಎಂದರು. ನಾವಿಬ್ಬರೂ ಹತ್ತಿದೆವು. ಸೇತುವೆಯ ಏರು ಬಂದಾಗ ಯಾರೂ ಹೇಳದೆ ನಾನು ಇಳಿದು ತಳ್ಳಿದೆ. ಇಬ್ಬರೇ ಇದ್ದದ್ದರಿಂದ ತಳ್ಳುವ ಅಗತ್ಯವಿರಲಿಲ್ಲ. ಚಾಚಾ ತಿರುಗಿ ನೋಡಿ "ನಕ್ಕೋ ಬೇಟಾ, ಬೈಠೋ" ಎಂದರು. ನಾನು ತಳ್ಳುತ್ತಲೇ ಇದ್ದೆ.

ಡಿಸೆಂಬರ್ 16, ಗುರುವಾರ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಮರುದಿನ ರಾತ್ರಿ ಪಶ್ಚಿಮದಲ್ಲೂ ಗುಂಡು ನಿಂತಿತು. ನಮ್ಮ ಊರಿನ ಮೇಲೆ ಒಂದೇ ಒಂದು ಬಾಂಬೂ ಬೀಳಲಿಲ್ಲ. ಕಿಟಕಿಯ ಕಾಗದ ಕಿತ್ತೆವು, ಕಂದಕ ಮುಚ್ಚಿದರು. ಸಂಕ್ರಾಂತಿ ಕಳೆಯುವ ಹೊತ್ತಿಗೆ ಉಳಿದ ನಾಲ್ವರೂ ಒಬ್ಬೊಬ್ಬರಾಗಿ ರಿಕ್ಷಾಕ್ಕೆ ಮರಳಿದರು. ಯಾರ ಮನೆಯವರೂ ಏನೂ ಹೇಳಲಿಲ್ಲ, ಚಾಚಾನೂ ಕೇಳಲಿಲ್ಲ. ಒಂದೇ ಒಂದು ವ್ಯತ್ಯಾಸ. ಮಕ್ಕಳು ರಿಕ್ಷಾದಲ್ಲಿರುವಾಗ ಅವರು ಮತ್ತೆಂದೂ ಬೀಡಿ ಹಚ್ಚಲಿಲ್ಲ, ಹಗಲಿನಲ್ಲೂ.

ಮುಂದಿನ ವರ್ಷ ಮುಲ್ಕಿ ಗಲಾಟೆ, ಜೈ ಆಂಧ್ರ ಚಳವಳಿ. 1969ರ ತೆಲಂಗಾಣ ಚಳವಳಿಯಲ್ಲಿ ಆದಂತೆ ಮತ್ತೆ ಶಾಲೆಗೆ ಅಡಚಣೆ. ಆ ಮೇಲೆ ನಾನು ದೊಡ್ಡವನಾಗಿ ಸೈಕಲ್ ಹತ್ತಿದೆ. ಚಾಚಾ ಮಾತ್ರ ಭಾನುವಾರ ಆಗಾಗ ಜಗಲಿಗೆ ಬಂದು ಕೂರುತ್ತಿದ್ದರು. ಕಾಗದ ಇರಲಿಲ್ಲ. ಯುದ್ಧದಿಂದ ನಿಂತ ಅಂಚೆ ಎರಡೂ ದೇಶಗಳ ನಡುವೆ ಮತ್ತೆ ತೆರೆಯಲು 1974ರಲ್ಲಿ ಒಪ್ಪಂದವಾಗಬೇಕಾಯಿತು. ಅದಾದ ಕೆಲವು ತಿಂಗಳಿಗೆ ಕರಾಚಿಯಿಂದ ಕಾಗದ ಬಂತು. ಆಗ ನಾನೂ ಜಗಲಿಯಲ್ಲಿದ್ದೆ. ಅಣ್ಣ ಬದುಕಿದ್ದ. ಯುದ್ಧದ ದಿನಗಳ ಬಗ್ಗೆ ಎರಡೇ ಸಾಲು. ಬಂದರಿನ ಎಣ್ಣೆಯ ಟ್ಯಾಂಕುಗಳು ದಿನಗಟ್ಟಲೆ ಉರಿದವು, ಆ ಹೊಗೆ ನೋಡಿ ಮೊಮ್ಮಕ್ಕಳು ಶಾಲೆಗೆ ಹೋಗಲು ಅಳುತ್ತಿದ್ದರು, ನಾನೇ ಕೈಹಿಡಿದು ಬಿಟ್ಟು ಬರುತ್ತಿದ್ದೆ ಎಂದು. ಅಪ್ಪ ಓದಿ ಮುಗಿಸಿದರು. ಚಾಚಾ ನನ್ನ ಕಡೆ ನೋಡಿ ನಕ್ಕು, "ಮೈ ಭೀ ತೋ ವಹೀಚ್ ಕರ್ ರಾ ಥಾ" ಎಂದರು. ನಾನೂ ಅದನ್ನೇ ಮಾಡುತ್ತಿದ್ದೆನಲ್ಲ ಎಂದು.

ಆ ಹೊತ್ತಿಗೆ ಹೇಳಬಹುದಿತ್ತು. ಹದಿಮೂರು ವರ್ಷದ ಹುಡುಗ, ಮಾತು ಬರುತ್ತಿತ್ತು. ಹೇಳಲಿಲ್ಲ. ಅಪ್ಪನಿಗೂ ಹೇಳಲಿಲ್ಲ. ಯಾರ ಬಾಯಿಂದ ಆ ಸುದ್ದಿ ಹೊರಬಿತ್ತೆಂದು ಅಪ್ಪ ಊಹಿಸಿರಬಹುದು, ಆದರೆ ಕೇಳಲಿಲ್ಲ. ಚಾಚಾ ತೀರಿಕೊಂಡಾಗ ನಾನು ಓದಿಗೆಂದು ಬೇರೆ ಊರಿನಲ್ಲಿದ್ದೆ.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿ ಮುಗಿಸುವಾಗ ಸೈರನ್ ನಿಂತು ಬಹಳ ಹೊತ್ತಾಗಿತ್ತು. ಅವಳ ಮೊಬೈಲಿನಲ್ಲಿ ಶಾಲೆಯ ಗೆಳತಿಯರ ಗುಂಪಿನ ಸಂದೇಶಗಳು ಒಂದರ ಹಿಂದೊಂದು ಬರುತ್ತಿದ್ದವು. ಯಾರ ಅಪಾರ್ಟ್‌ಮೆಂಟಿನಲ್ಲಿ ಯಾರೋ ಅನುಮಾನದ ಮನುಷ್ಯ ಇದ್ದಾನಂತೆ, ಎಲ್ಲರಿಗೂ ಕಳಿಸಿ ಅಂತೆ. ಅವಳು ಅದನ್ನು ಓದಿದಳು, ನನ್ನ ಮುಖ ನೋಡಿದಳು.

"ಇದು ನಿಜಾನಾ ಅಂತ ಕೇಳ್ಲಾ ಅಜ್ಜಾ?" ಅಂದಳು.

ಕೇಳು ಅಂದೆ.